ಒಬ್ಬನೇ ಓಡಿ ಗೆದ್ದವನು

ಕಳೆದ ವರ್ಷ ಅಂತರ ಕಾಲೇಜು ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ನಾನು ಎರಡನೆಯವನಾಗಿ ಗುರಿ ಮುಟ್ಟಿದೆ. ಉಸಿರು ಸರಿಹೋಗುವ ಮೊದಲೇ ಸುದ್ದಿ ಬಂತು: ನಾನು ಅನರ್ಹ. ಮೊದಲ ತಿರುವು ಮುಗಿಯುವವರೆಗೆ ಅವರವರ ಲೇನ್‌ನಲ್ಲೇ ಓಡಬೇಕು, ಗೆರೆ ದಾಟಿದ ಮೇಲಷ್ಟೇ ಒಳಗೆ ಬರಬೇಕು. ನಾನು ನಾಲ್ಕೈದು ಹೆಜ್ಜೆ ಮೊದಲೇ ಒಳಗೆ ನುಗ್ಗಿದ್ದೆ. ತಿರುವಿನಲ್ಲಿ ನಿಂತಿದ್ದ ತೀರ್ಪುಗಾರರು ಬಾವುಟ ಎತ್ತಿದ್ದರು.

ಅವರ ಜೊತೆ ಜಗಳಕ್ಕೇ ನಿಂತೆ. ಆ ಪದಕದ ಜೊತೆ ಬರುವ ಸರ್ಟಿಫಿಕೇಟ್ ನನಗೆ ಬೇಕಿತ್ತು. ಮುಂದೆ ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಅರ್ಜಿ ಹಾಕುವ ಆಸೆ. ನಾಲ್ಕು ಹೆಜ್ಜೆಗೆ ಒಂದು ವರ್ಷದ ಬೆವರು ಹೋಯಿತಲ್ಲ ಎಂಬ ಸಿಟ್ಟಿಗೆ ಎರಡು ತಿಂಗಳು ಮೈದಾನದ ಕಡೆ ತಲೆಯೇ ಹಾಕಲಿಲ್ಲ. ನಮ್ಮ ಪಿ.ಇ. ಸರ್ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ವಿಂಡಮ್ ಹಾಲ್ಸ್‌ವೆಲ್ ಯಾರೆಂದು ಓದಿಕೊಂಡು ಬಾ ಎಂದಷ್ಟೇ ಹೇಳಿ ಕಳಿಸಿದರು.

ಹಾಲ್ಸ್‌ವೆಲ್ ಹುಟ್ಟಿದ್ದು 1882ರಲ್ಲಿ, ಲಂಡನ್‌ನಲ್ಲಿ. ಅಪ್ಪ ಹೆಸರಾಂತ ಚಿತ್ರಕಾರ, ತಾಯಿ ಸ್ಕಾಟ್ಲೆಂಡ್ ಮೂಲದವರು. ಓದು ಮುಗಿಸಿ ಸೇನಾಧಿಕಾರಿಯಾದ ಹುಡುಗ 1902ರಲ್ಲಿ ಯುದ್ಧಕ್ಕೆಂದು ದಕ್ಷಿಣ ಆಫ್ರಿಕಾಕ್ಕೆ ಹೋದ. ಅದೇ ರೆಜಿಮೆಂಟಿನಲ್ಲಿದ್ದ ಜಿಮ್ಮಿ ಕರನ್ ಎಂಬ ಓಟಗಾರ ಈತನ ಕಾಲಿನ ಶಕ್ತಿ ಗುರುತಿಸಿ, ಓಟವನ್ನು ಗಂಭೀರವಾಗಿ ತೆಗೆದುಕೊಳ್ಳುವಂತೆ ಮಾಡಿದ. 1906ರಲ್ಲಿ ಅಥೆನ್ಸ್‌ನಲ್ಲಿ ನಡೆದ ಕೂಟದಲ್ಲಿ ಹಾಲ್ಸ್‌ವೆಲ್‌ಗೆ 400 ಮೀಟರ್‌ನಲ್ಲಿ ಬೆಳ್ಳಿ, 800 ಮೀಟರ್‌ನಲ್ಲಿ ಕಂಚು ಸಿಕ್ಕಿತು. ಅದೇ ವರ್ಷ ಸ್ಕಾಟ್ಲೆಂಡ್ ಚಾಂಪಿಯನ್‌ಷಿಪ್‌ನಲ್ಲಿ 100, 220, 440 ಮತ್ತು 880 ಗಜದ ನಾಲ್ಕೂ ಓಟಗಳನ್ನು ಒಂದೇ ದಿನ ಗೆದ್ದ. ಒಂದು 800 ಮೀಟರ್ ಓಡಿ ಮೈದಾನದಲ್ಲಿ ಮಲಗಿಬಿಡುವ ನನಗೆ ಇದನ್ನು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

1908ರಲ್ಲಿ ಒಲಿಂಪಿಕ್ಸ್ ಲಂಡನ್‌ಗೆ ಬಂತು. ಸೆಮಿಫೈನಲ್‌ನಲ್ಲಿ ಹಾಲ್ಸ್‌ವೆಲ್ 400 ಮೀಟರನ್ನು 48.4 ಸೆಕೆಂಡಿನಲ್ಲಿ ಓಡಿ ಒಲಿಂಪಿಕ್ ದಾಖಲೆ ಮಾಡಿದ. ಜುಲೈ 23ರ ಫೈನಲ್‌ನಲ್ಲಿ ಇದ್ದವರು ನಾಲ್ಕೇ ಮಂದಿ. ಈತನ ಎದುರು ಮೂವರು ಅಮೆರಿಕನ್ನರು: ಕಾರ್ಪೆಂಟರ್, ರಾಬಿನ್ಸ್ ಮತ್ತು ಟೇಲರ್. ಅಂದಿನ ಓಟಕ್ಕೆ ಲೇನ್‌ಗಳಿರಲಿಲ್ಲ. ಗೆರೆಯಿಲ್ಲದ ಟ್ರ್ಯಾಕಿನಲ್ಲಿ ಯಾರು ಎಲ್ಲಿ ಬೇಕಾದರೂ ಓಡಬಹುದಿತ್ತು.

ಎಡವಟ್ಟಾಗಿದ್ದು ಕೊನೆಯ ನೇರ ಓಟದಲ್ಲಿ. ಹಾಲ್ಸ್‌ವೆಲ್ ಹೊರಬದಿಯಿಂದ ಮುನ್ನುಗ್ಗಲು ನೋಡಿದ. ಮುಂದಿದ್ದ ಕಾರ್ಪೆಂಟರ್ ಕೂಡ ಓಡುತ್ತಲೇ ಬಲಕ್ಕೆ ಸರಿಯುತ್ತಾ ಹೋದ. ಟ್ರ್ಯಾಕಿನ ಹೊರ ಅಂಚಿಗೆ ಒಂದೂವರೆ ಅಡಿ ಉಳಿಯುವವರೆಗೆ ಹಾಲ್ಸ್‌ವೆಲ್‌ನನ್ನು ತಳ್ಳಿಕೊಂಡು ಹೋದಂತಾಯಿತು. ದಾರಿಯುದ್ದಕ್ಕೂ ನಿಂತಿದ್ದ ತೀರ್ಪುಗಾರರು ಫೌಲ್ ಎಂದು ಕೂಗಿದರು. ಓಟಗಾರರು ಗುರಿ ಮುಟ್ಟುವ ಮೊದಲೇ ಅಲ್ಲಿನ ದಾರವನ್ನು ತುಂಡರಿಸಲಾಯಿತು. ಮೈದಾನದಲ್ಲಿ ಗದ್ದಲವೋ ಗದ್ದಲ.

ಈ ಜಗಳದ ಬೇರು ಇದ್ದದ್ದು ಎರಡು ದೇಶಗಳ ನಿಯಮದಲ್ಲಿ. ಅಮೆರಿಕದ ಓಟಗಳಲ್ಲಿ ಹಿಂದಿನವನಿಗೆ ದಾರಿ ಕೊಡದಂತೆ ಅಡ್ಡ ಸರಿಯುವುದು ಒಂದು ತಂತ್ರ. ಬ್ರಿಟಿಷ್ ನಿಯಮದಲ್ಲಿ ಅದು ತಪ್ಪು. ಆ ಒಲಿಂಪಿಕ್ಸ್ ನಡೆದದ್ದು ಬ್ರಿಟಿಷ್ ನಿಯಮದಂತೆ, ತೀರ್ಪುಗಾರರೂ ಬ್ರಿಟಿಷರೇ. ತಮ್ಮ ಊರಿನವನನ್ನು ಗೆಲ್ಲಿಸಲು ಹೀಗೆ ಮಾಡಿದರೆಂದು ಅಮೆರಿಕದವರು ಸಿಡಿದೆದ್ದರು. ತೀರ್ಪುಗಾರರು ಟ್ರ್ಯಾಕಿನ ಮೇಲೆ ಮೂಡಿದ್ದ ಹೆಜ್ಜೆ ಗುರುತುಗಳನ್ನು ಪರಿಶೀಲಿಸಿದರು, ವಿಚಾರಣೆ ನಡೆಸಿದರು. ಕೊನೆಗೆ ಕಾರ್ಪೆಂಟರ್ ಅನರ್ಹನಾದ. ಪದಕವನ್ನು ನೇರವಾಗಿ ಹಾಲ್ಸ್‌ವೆಲ್ ಕೈಗಿಡದೆ, ಎರಡು ದಿನ ಬಿಟ್ಟು ಓಟವನ್ನೇ ಮತ್ತೆ ನಡೆಸುವುದೆಂದು ತೀರ್ಮಾನವಾಯಿತು. ಈ ಸಲ ದಾರ ಕಟ್ಟಿ ಲೇನ್ ಮಾಡಲಾಯಿತು.

ಜುಲೈ 25ರಂದು ರಾಬಿನ್ಸ್ ಮತ್ತು ಟೇಲರ್ ಬರಲೇ ಇಲ್ಲ. ಗೆಳೆಯನಿಗೆ ಅನ್ಯಾಯವಾಗಿದೆ ಎಂಬುದು ಅವರ ನಿಲುವು. ಸಾವಿರಾರು ಜನರ ಮುಂದೆ ಹಾಲ್ಸ್‌ವೆಲ್ ಒಬ್ಬನೇ 400 ಮೀಟರ್ ಓಡಿದ. ಸಮಯ 50 ಸೆಕೆಂಡ್. ಚಿನ್ನ ಸಿಕ್ಕಿತು. ಎದುರಾಳಿಯೇ ಇಲ್ಲದೆ ಬಂದ ಚಿನ್ನ ಒಲಿಂಪಿಕ್ಸ್ ಓಟದ ಚರಿತ್ರೆಯಲ್ಲಿ ಅದೊಂದೇ.

ಇಲ್ಲಿಗೆ ಬಂದಾಗ ನಾನು ಓದು ನಿಲ್ಲಿಸಿದೆ. ಅಷ್ಟು ದಿನ ನಾನು ಅನರ್ಹನಾದವನ ಕಡೆಯಿಂದ ಮಾತ್ರ ಯೋಚಿಸಿದ್ದೆ. ತಪ್ಪೇ ಮಾಡದವನಿಗೂ ಒಂದು ಫೌಲ್ ಏನೆಲ್ಲ ಕಳೆಯುತ್ತದೆ ಎಂಬುದು ಹೊಳೆದಿರಲಿಲ್ಲ. ಸರಿಯಾದ ಓಟ ನಡೆದಿದ್ದರೆ ಹಾಲ್ಸ್‌ವೆಲ್ ಗೆಲ್ಲುತ್ತಿದ್ದನೋ ಸೋಲುತ್ತಿದ್ದನೋ, ಅವನಿಗೇ ಕೊನೆಯವರೆಗೂ ತಿಳಿಯಲಿಲ್ಲ. ನನ್ನ ನಾಲ್ಕು ಹೆಜ್ಜೆಯಿಂದ ಮೂರನೆಯವನಾಗಿ ಬಂದ ಆ ಹುಡುಗನ ಮುಖವನ್ನು ನಾನು ನೋಡಿಯೂ ಇರಲಿಲ್ಲ.

ಆ ವರ್ಷವೇ ಹಾಲ್ಸ್‌ವೆಲ್ ಸ್ಪರ್ಧೆಗಳಿಂದ ದೂರ ಸರಿದ. ಮೊದಲ ಮಹಾಯುದ್ಧ ಬಂದಾಗ ಕ್ಯಾಪ್ಟನ್ ಆಗಿದ್ದ. ಫ್ರಾನ್ಸಿನ ನೂವ್ ಶಾಪೆಲ್ ಬಳಿ, ಭಾರತದ ಸಾವಿರಾರು ಸೈನಿಕರೂ ಹೋರಾಡಿದ ಆ ನೆಲದಲ್ಲಿ, ಮಾರ್ಚ್ ತಿಂಗಳ ಕದನದಲ್ಲಿ ಗಾಯಗೊಂಡರೂ ಮತ್ತೆ ಕಂದಕಕ್ಕೆ ಮರಳಿದ. 1915ರ ಮಾರ್ಚ್ 31ರಂದು, ಗಾಯಗೊಂಡಿದ್ದ ಸಹ ಅಧಿಕಾರಿಯೊಬ್ಬನನ್ನು ಉಳಿಸಲು ಹೋದಾಗ ಶತ್ರುವಿನ ಗುಂಡಿಗೆ ಬಲಿಯಾದ. ವಯಸ್ಸು 32.

ಅವನ ಓಟದ ಗಲಾಟೆ ವ್ಯರ್ಥವಾಗಲಿಲ್ಲ. ದೇಶಕ್ಕೊಂದು ನಿಯಮ ಇದ್ದರೆ ಜಗಳ ತಪ್ಪದು ಎಂಬುದು ಎಲ್ಲರಿಗೂ ಅರ್ಥವಾಗಿತ್ತು. 1912ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಹುಟ್ಟಿ, ಎಲ್ಲರಿಗೂ ಒಂದೇ ನಿಯಮ ರೂಪಿಸುವ ಕೆಲಸ ಶುರುವಾಯಿತು. 400 ಮೀಟರ್ ಓಟ ಪೂರ್ತಿಯಾಗಿ ಲೇನ್‌ಗಳೊಳಗೆ ಬಂತು. ಬಹಳ ವರ್ಷಗಳ ನಂತರ 800 ಮೀಟರ್‌ಗೂ ಮೊದಲ ತಿರುವಿನವರೆಗೆ ಲೇನ್ ಬಂತು. ನೂಕುನುಗ್ಗಲು ತಪ್ಪಿಸಲೆಂದು ಎಳೆದ ಆ ಗೆರೆಯನ್ನೇ ನಾನು ತುಳಿದಿದ್ದೆ.

ಮರುದಿನ ಬೆಳಿಗ್ಗೆ ಮತ್ತೆ ಮೈದಾನಕ್ಕೆ ಹೋದೆ. ಸರ್ ಏನೂ ಕೇಳಲಿಲ್ಲ, ಕೈಗೆ ಸುಣ್ಣದ ಪುಡಿಯ ಬಕೆಟ್ ಕೊಟ್ಟರು. ಅಂದು ಟ್ರ್ಯಾಕಿನ ಗೆರೆ ಹಾಕಿದ್ದು ನಾನೇ. ಸರ್ಟಿಫಿಕೇಟ್ ಇನ್ನೂ ಸಿಕ್ಕಿಲ್ಲ. ಮುಂದಿನ ತಿಂಗಳು ಮತ್ತೊಂದು ಕೂಟವಿದೆ, ಈ ಸಲ ಗೆರೆ ದಾಟಿದ ಮೇಲೇ ಒಳಗೆ ಬರುತ್ತೇನೆ.