ಶಿಲೆಯ ಸಾಕ್ಷ್ಯವನ್ನು ನಂಬಿದ ಮತುಯಾಮ

ಶಿವಮೊಗ್ಗೆಯಿಂದ ಮಲವಗೊಪ್ಪವನ್ನು ಹಾದು ಭದ್ರಾವತಿಗೆ ಸಾಗುವ ದಾರಿಯ ಆಸುಪಾಸಿನಲ್ಲಿ ಬಾಳುವವರಿಗೆ ಕಬ್ಬಿಣವು ಹೊಸ ಮಾತಲ್ಲ. 1923ರಲ್ಲಿ ಭದ್ರಾವತಿಯ ಕಾರ್ಖಾನೆಯ ಕುಲುಮೆ ಉರಿಯತೊಡಗಿದಂದಿನಿಂದ ಕೆಮ್ಮಣ್ಣುಗುಂಡಿಯ ಅದಿರಿನ ಕಥೆ ಈ ಸೀಮೆಗೆ ಮನೆಮಾತಾಯಿತು. ಆದರೆ ಆ ಅದಿರಿಗೆ ಮೂಲವಾದ ಬಾಬಾಬುಡನ್ ಗಿರಿಗಳ ಪಟ್ಟೆಶಿಲೆಗಳು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ ಕಡಲಿನ ತಳದಲ್ಲಿ ಪದರಪದರವಾಗಿ ಕುಳಿತ ಹೂಳೆಂಬುದನ್ನು ಬಲ್ಲವರು ವಿರಳ. ಕಬ್ಬಿಣವನ್ನು ಹೊತ್ತ ಶಿಲೆಗೆ ಇನ್ನೊಂದು ಗುಣವುಂಟು. ತಾನು ಹುಟ್ಟಿದ ಕಾಲದಲ್ಲಿ ಭೂಮಿಯ ಕಾಂತಶಕ್ತಿ ಯಾವ ಕಡೆಗೆ ಮುಖಮಾಡಿತ್ತೆಂಬುದನ್ನು ಅದು ತನ್ನೊಳಗೆ ಬರೆದಿಟ್ಟುಕೊಳ್ಳಬಲ್ಲುದು. ಆ ಬರಹವನ್ನು ಓದಿ, ಒಂದು ಕಾಲದಲ್ಲಿ ಭೂಮಿಯ ಕಾಂತತ್ವವೇ ತಿರುವುಮುರುವಾಗಿತ್ತೆಂದು ಜಗತ್ತಿಗೆ ತಿಳಿಸಿದವರಲ್ಲಿ ಜಪಾನಿನ ಮೊತೊನೊರಿ ಮತುಯಾಮ ಅಗ್ರಗಣ್ಯರು. ಭೂವಿಜ್ಞಾನದ ವಿದ್ಯಾರ್ಥಿಗಳೆಲ್ಲರೂ ಅವರ ಹೆಸರನ್ನು ಬಲ್ಲರು. ಬಾಳನ್ನು ಬಲ್ಲವರು ಕಡಮೆ.

ಮೊತೊನೊರಿಯವರು 1884ರ ಅಕ್ಟೋಬರ್ 25ರಂದು ಕ್ಯೂಷು ದ್ವೀಪದ ಓಯಿತಾ ಪ್ರಾಂತದಲ್ಲಿ ಜನಿಸಿದರು. ಅವರ ತಂದೆ ಜೆನ್ ಪಂಥದ ಬೌದ್ಧ ಮಠಾಧಿಪತಿಗಳು. ಬಾಲಕನು ಮಾತ್ರ ಮಠದ ದಾರಿಯನ್ನು ಹಿಡಿಯದೆ ವಿದ್ಯಾಲಯದ ದಾರಿಯನ್ನು ಹಿಡಿದನು. ಹಿರೋಷಿಮಾದಲ್ಲಿ ಅಧ್ಯಾಪಕ ವೃತ್ತಿಗೆ ಬೇಕಾದ ಶಿಕ್ಷಣವನ್ನು ಪಡೆದು, ಬಳಿಕ ಕ್ಯೋಟೋ ವಿಶ್ವವಿದ್ಯಾನಿಲಯವನ್ನು ಸೇರಿ, 1911ರಲ್ಲಿ ಭೌತಶಾಸ್ತ್ರದ ಪದವೀಧರರಾದರು. ವಿವಾಹಾನಂತರ ಆ ನಾಡಿನ ಒಂದು ಸಂಪ್ರದಾಯದಂತೆ ಪತ್ನಿಯ ಮನೆತನಕ್ಕೆ ದತ್ತುಹೋದುದರಿಂದ ಮತುಯಾಮ ಎಂಬ ಕುಲನಾಮ ಅವರದಾಯಿತು.

ಅತಿ ಸೂಕ್ಷ್ಮವಾದುದನ್ನು ಬೇಸರವಿಲ್ಲದೆ ಅಳೆಯುವುದು ಅವರ ಹುಟ್ಟುಗುಣವೆನ್ನಬೇಕು. 1915ರಲ್ಲಿ ಅವರು ಪೆಸಿಫಿಕ್ ಸಾಗರದ ನಡುವಣ ಜಲುಯಿಟ್ ಎಂಬ ಹವಳದ ದ್ವೀಪಕ್ಕೆ ಹೋಗಿ, ಗುರುತ್ವಾಕರ್ಷಣೆಯ ಅತ್ಯಲ್ಪ ವ್ಯತ್ಯಾಸಗಳನ್ನು ಸೂಕ್ಷ್ಮವಾದ ತಕ್ಕಡಿಯೊಂದರಿಂದ ಅಳೆದು, ಹವಳದ ರಾಶಿ ಎಷ್ಟು ಆಳಕ್ಕೆ ಇಳಿದಿರಬಹುದೆಂದು ವಿಚಾರಿಸಿದರು. 1919ರಲ್ಲಿ ಅಮೆರಿಕೆಯ ಷಿಕಾಗೋ ನಗರಕ್ಕೆ ತೆರಳಿ, ಹೆಸರಾಂತ ಭೂವಿಜ್ಞಾನಿ ಚೇಂಬರ್ಲಿನ್ ಅವರ ಬಳಿಯಲ್ಲಿ ಮಂಜುಗಡ್ಡೆಯ ಹರಳುಗಳು ಒತ್ತಡಕ್ಕೆ ಹೇಗೆ ಬಾಗುವುವೆಂಬುದನ್ನು ಪರೀಕ್ಷಿಸಿದರು. ಸ್ವದೇಶಕ್ಕೆ ಮರಳಿದ ಮೇಲೆ ಕ್ಯೋಟೋದಲ್ಲಿಯೇ ಪ್ರಾಧ್ಯಾಪಕರಾದರು.

ಅವರ ಕೀರ್ತಿಗೆ ಕಾರಣವಾದ ಕಾರ್ಯ 1926ರಲ್ಲಿ ಮೊದಲಾಯಿತು. ಜಪಾನಿನ ಹ್ಯೋಗೋ ಪ್ರಾಂತದಲ್ಲಿ ಗೆನ್‌ಬುಡೋ ಎಂಬ ಗುಹೆಯಿದೆ. ಯಾರೋ ಕಡೆದು ಜೋಡಿಸಿಟ್ಟಂತೆ ತೋರುವ ಬಹುಕೋನದ ಕಲ್ಲುಕಂಬಗಳು ಅಲ್ಲಿ ಒತ್ತೊತ್ತಾಗಿ ನಿಂತಿವೆ. ನಮ್ಮ ಮಲ್ಪೆಯ ಕಡಲಿನಲ್ಲಿರುವ ಸಂತ ಮೇರಿ ದ್ವೀಪವನ್ನು ಕಂಡವರಿಗೆ ಈ ನೋಟವನ್ನು ವರ್ಣಿಸಿ ಹೇಳಬೇಕಾಗಿಲ್ಲ. ಎರಡೆಡೆಯೂ ಅವು ಕಾದು ಹರಿದ ಲಾವಾರಸವು ಆರುವಾಗ ಬಿರಿದು ಮೂಡಿದ ಕಂಬಗಳು. ಲಾವಾರಸದಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜವಿರುತ್ತದೆ. ನಮ್ಮ ಹಿರಿಯರು ಸೂಜಿಗಲ್ಲೆಂದು ಕರೆದುದು ಇದರ ರೂಪವನ್ನೇ. ಸುಮಾರು 580 ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚು ಕಾದಿರುವವರೆಗೆ ಅದಕ್ಕೆ ಸ್ಥಿರವಾದ ಕಾಂತತ್ವವಿಲ್ಲ. ಆ ಮಟ್ಟದಿಂದ ಕೆಳಗಿಳಿದು ಆರಿದಂತೆ, ಆ ಹೊತ್ತಿನ ಭೂಕಾಂತ ಕ್ಷೇತ್ರದ ದಿಕ್ಕು ಅದರಲ್ಲಿ ನೆಲೆಗೊಳ್ಳುತ್ತದೆ. ಮತುಯಾಮರು ಗೆನ್‌ಬುಡೋದ ಕಲ್ಲನ್ನು ಪರೀಕ್ಷಿಸಲು, ಅದರ ಕಾಂತತ್ವವು ಇಂದಿನದಕ್ಕೆ ನೇರ ವಿರುದ್ಧವಾಗಿದ್ದಿತು.

ಒಂದು ಕಲ್ಲಿನ ಮಾತನ್ನು ನಂಬಿ ಸಿದ್ಧಾಂತವನ್ನು ಕಟ್ಟುವುದು ಅವರ ಸ್ವಭಾವವಲ್ಲ. ಜಪಾನ್, ಕೊರಿಯಾ, ಮಂಚೂರಿಯಾಗಳ 36 ಎಡೆಗಳಿಂದ ನೂರಕ್ಕೂ ಹೆಚ್ಚು ಮಾದರಿಗಳನ್ನು ತರಿಸಿ ಅಳೆದರು. ಕಲ್ಲುಗಳು ಎರಡು ಪಂಗಡವಾಗಿ ಒಡೆದು ನಿಂತವು. ಕೆಲವು ಇಂದಿನ ದಿಕ್ಕಿನವು. ಕೆಲವು ಅದರ ವಿರುದ್ಧ ದಿಕ್ಕಿನವು. ಫ್ರಾನ್ಸಿನ ಬರ್ನಾರ್ಡ್ ಬ್ರೂನ್ಸ್ 1906ರಲ್ಲಿಯೇ ಇಂಥ ವಿಪರೀತ ಕಾಂತತ್ವವನ್ನು ಕಂಡಿದ್ದರು. ಮತುಯಾಮರ ಹೆಚ್ಚುಗಾರಿಕೆಯಿರುವುದು ಕಲ್ಲಿನ ದಿಕ್ಕಿನೊಡನೆ ಅದರ ವಯಸ್ಸನ್ನೂ ಕೂಡಿಸಿ ನೋಡಿದುದರಲ್ಲಿ. ಎಳೆಯ ಶಿಲೆಗಳು ಇಂದಿನಂತೆಯೂ ಅವಕ್ಕಿಂತ ಹಳೆಯವು ವಿರುದ್ಧವಾಗಿಯೂ ಇದ್ದುದರಿಂದ, ತಿರುಗಿದುದು ಕಲ್ಲಲ್ಲ, ಭೂಮಿಯ ಕಾಂತ ಕ್ಷೇತ್ರವೇ ಎಂದು 1929ರಲ್ಲಿ ಪ್ರಕಟಿಸಿದರು.

ವಿದ್ವಲ್ಲೋಕವು ಇದಕ್ಕೆ ಕಿವಿಗೊಡಲಿಲ್ಲ. ಇಡಿಯ ಭೂಮಿಯ ಕಾಂತತ್ವವು ಮಗುಚಿಬೀಳುವುದೆಂದರೆ ನಂಬಲು ಯಾರಿಗೂ ಎದೆಯಿರಲಿಲ್ಲ. ಮೇಲಾಗಿ, ಫ್ರಾನ್ಸಿನ ಲೂಯಿ ನೇಲ್ ಅವರು ಕೆಲವು ಶಿಲೆಗಳು ತಮ್ಮ ಖನಿಜಗಳ ಗುಣದಿಂದಲೇ ವಿಪರೀತ ಕಾಂತತ್ವವನ್ನು ತಳೆಯಬಲ್ಲವೆಂದು 1951ರಲ್ಲಿ ತರ್ಕಿಸಿದರು. ಅದಾದ ಸ್ವಲ್ಪ ಕಾಲದಲ್ಲಿಯೇ ಅಂಥ ಶಿಲೆ ದೊರೆತುದು, ಜಪಾನಿನ ಹರುನಾ ಪರ್ವತದಲ್ಲಿ! ಮತುಯಾಮರ ತೀರ್ಮಾನಕ್ಕೆ ಅವರ ನಾಡಿನ ಕಲ್ಲೇ ಪ್ರತಿಸಾಕ್ಷಿಯಾಗಿ ಬಂದಿತು. ಆದರೆ ತಮ್ಮ ಮಾತು ನಡೆಯಲಿಲ್ಲವೆಂದು ಅವರು ಕೆಲಸದಿಂದ ಹಿಂಜರಿದವರಲ್ಲ. 1934ರಿಂದ ಜಲಾಂತರ್ಗಾಮಿ ನೌಕೆಯಲ್ಲಿ ಲೋಲಕಗಳನ್ನಿರಿಸಿ, ಜಪಾನಿನ ಬಳಿಯ ಆಳವಾದ ಕಡಲಕಂದರದ ಮೇಲೆ ಗುರುತ್ವವನ್ನು ಅಳೆಯುವ ಸಾಹಸಕ್ಕೆ ಕೈಹಾಕಿದರು. 1949ರಲ್ಲಿ ಯಾಮಾಗುಚಿ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿ ನೇಮಕಗೊಂಡರು. 1958ರ ಜನವರಿ 27ರಂದು ಅವರು ತೀರಿಕೊಂಡಾಗ, 29 ವರ್ಷಗಳ ಹಿಂದೆ ಮುಂದಿಟ್ಟ ಸತ್ಯವು ಇನ್ನೂ ಶಂಕೆಯ ನೆರಳಿನಲ್ಲಿಯೇ ಇದ್ದಿತು.

ಆರು ವರ್ಷಗಳಲ್ಲಿ ನೆರಳು ಸರಿಯಿತು. ಪೊಟಾಸಿಯಂ ಧಾತುವಿನ ಕ್ಷಯದಿಂದ ಲಾವಾಶಿಲೆಯ ವಯಸ್ಸನ್ನು ಗೊತ್ತುಮಾಡುವ ವಿಧಾನವು ಕೈಗೂಡಿದ ಮೇಲೆ, ಒಂದೇ ವಯಸ್ಸಿನ ಶಿಲೆಗಳು ಎಲ್ಲಿದ್ದರೂ ಒಂದೇ ದಿಕ್ಕನ್ನು ತೋರುವುವೆಂಬುದು ಬೆಳಕಿಗೆ ಬಂದಿತು. 1964ರಲ್ಲಿ ಅಲನ್ ಕಾಕ್ಸ್ ಮತ್ತು ಅವರ ಅಮೆರಿಕದ ಸಂಗಡಿಗರು, ನಮ್ಮ ಕಾಲಕ್ಕೆ ಮುಟ್ಟುವ ಯುಗಕ್ಕೆ ಬ್ರೂನ್ಸ್ ಅವರ ಹೆಸರನ್ನೂ ಅದರ ಹಿಂದಣ ವಿಪರೀತ ಯುಗಕ್ಕೆ ಮತುಯಾಮರ ಹೆಸರನ್ನೂ ಇಟ್ಟರು. ಇಂದಿನ ಗಣನೆಯಂತೆ ಮತುಯಾಮ ಯುಗವು ಸುಮಾರು 25 ಲಕ್ಷ 80 ಸಾವಿರ ವರ್ಷಗಳ ಹಿಂದೆ ಮೊದಲಾಗಿ, ಸುಮಾರು 7 ಲಕ್ಷ 73 ಸಾವಿರ ವರ್ಷಗಳ ಹಿಂದೆ ಮುಗಿಯಿತು.

ಕೊನೆಯ ಸಾಕ್ಷ್ಯವನ್ನು ನುಡಿದುದು ಕಡಲ ಕೆಸರು. ಆಳಸಮುದ್ರದ ತಳಕ್ಕೆ ಹೂಳು ಇಳಿಯುವುದು ಬಹು ನಿಧಾನ. ಸಾವಿರ ವರ್ಷಕ್ಕೆ ಕೆಲವೇ ಮಿಲಿಮೀಟರು. ಅದರೊಡನೆ ಇಳಿಯುವ ಕಬ್ಬಿಣದ ಕಣಗಳು ಪುಟ್ಟ ದಿಕ್ಸೂಚಿಗಳಂತೆ ತಿರುಗಿ, ಆ ಕಾಲದ ಕಾಂತ ಕ್ಷೇತ್ರಕ್ಕೆ ಮುಖಮಾಡಿ ನೆಲೆಯೂರುತ್ತವೆ. 1966ರಲ್ಲಿ ನೀಲ್ ಓಪ್‌ಡೈಕ್ ಮತ್ತು ಸಂಗಡಿಗರು ಅಂಟಾರ್ಕ್ಟಿಕದ ಕಡಲುಗಳಿಂದ ಕೊಳವೆಗಳಲ್ಲಿ ಎತ್ತಿದ್ದ ಹೂಳನ್ನು ಪರೀಕ್ಷಿಸಿದರು. ಧ್ರುವದ ಸಮೀಪದಲ್ಲಿ ಕಾಂತ ಕ್ಷೇತ್ರವು ಬಹುಮಟ್ಟಿಗೆ ಲಂಬವಾಗಿರುವುದರಿಂದ, ಕೊಳವೆ ಅತ್ತಿತ್ತ ತಿರುಗಿದ್ದರೂ ಕಾಂತತ್ವವು ಮೇಲ್ಮುಖವೋ ಕೆಳಮುಖವೋ ಎಂಬುದಷ್ಟೇ ಸಾಕು. ಲಾವಾಶಿಲೆಯು ಹೇಳಿದ ಯುಗಗಳೇ ಅದೇ ಸರದಿಯಲ್ಲಿ ಹೂಳಿನಲ್ಲಿಯೂ ಕಾಣಿಸಿದವು. ಬೆಂಕಿಯಲ್ಲಿ ಹುಟ್ಟಿದ ಕಲ್ಲೂ ನೀರಿನಲ್ಲಿ ಕುಳಿತ ಕೆಸರೂ ಒಂದೇ ಸಾಕ್ಷ್ಯವನ್ನು ನುಡಿದ ಮೇಲೆ, ಇದು ಕಲ್ಲಿನ ಗುಣದೋಷವೆಂದು ಹೇಳಲು ಎಡೆಯುಳಿಯಲಿಲ್ಲ.

ಈ ಅರಿವಿನಿಂದ ನಮ್ಮ ನೆಲದ ಇತಿಹಾಸವೂ ಬೆಳಗಿದೆ. ಬೆಳಗಾವಿ, ವಿಜಯಪುರಗಳ ಕಡೆಯ ಕಪ್ಪು ಕಲ್ಲು ದಖ್ಖನದ ಲಾವಾಪ್ರವಾಹಕ್ಕೆ ಸೇರಿದುದು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದಿನ ಆ ಪ್ರವಾಹದ ಬಹುಭಾಗವು ಹರಿದದ್ದು ಇನ್ನೊಂದು ವಿಪರೀತ ಯುಗದಲ್ಲಿ.

2020ರಲ್ಲಿ ಭೂವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಸ್ಥೆಯು ಭೂಚರಿತ್ರೆಯ ಒಂದು ಕಾಲಖಂಡಕ್ಕೆ ಜಪಾನಿನ ಚಿಬಾ ಪ್ರಾಂತದ ಹೆಸರನ್ನಿಟ್ಟಿತು. ಅಲ್ಲಿನ ಹಳೆಯ ಕಡಲಹೂಳು ಮೇಲೆದ್ದು ಹೊಳೆಯ ದಡದಲ್ಲಿ ತೆರೆದು ನಿಂತಿದೆ. ಮತುಯಾಮ ಯುಗವು ಮುಗಿದು ಕಾಂತ ಕ್ಷೇತ್ರವು ಮರಳಿದ ಗಳಿಗೆಯು ಆ ಪದರಗಳಲ್ಲಿ ಸ್ಪಷ್ಟವಾಗಿ ಅಚ್ಚೊತ್ತಿದೆ. ತಮ್ಮ ಮಾತಿಗೆ ಮನ್ನಣೆ ದೊರೆತುದನ್ನು ಆ ಹಿರಿಯರು ಕಣ್ಣಾರೆ ಕಾಣಲಿಲ್ಲ. ಆದರೂ ಕಂಡುದನ್ನು ಕಂಡಂತೆ ಅಳೆದು, ಕಾಲಕ್ರಮವನ್ನು ಗುರುತಿಸಿ ಬರೆದಿಟ್ಟು, ತೀರ್ಪನ್ನು ಮುಂದಿನವರಿಗೆ ಬಿಟ್ಟುಹೋದರು. ವಿದ್ಯೆಗೆ ಸಲ್ಲಿಸಬೇಕಾದ ಋಣ ಇದಕ್ಕಿಂತ ಹೆಚ್ಚಿನದಿಲ್ಲ.