ರಕ್ತ ಕ್ಯಾನ್ಸರಿಗೆ ಮದ್ದು ಕೊಟ್ಟ ಭೀಮವರಂನ ಸುಬ್ಬರಾವ್

ಕ್ಯಾನ್ಸರ್ ಆಸ್ಪತ್ರೆಗೆ ಓಡಾಡಿದವರಿಗೆ ಮೆಥೊಟ್ರೆಕ್ಸೇಟ್ ಎಂಬ ಮದ್ದಿನ ಹೆಸರು ಗೊತ್ತಿರುತ್ತದೆ. ಕೀಲುನೋವಿನ ಕೆಲವು ರೋಗಿಗಳಿಗೂ ವೈದ್ಯರು ಅದನ್ನೇ ಬರೆದುಕೊಡುತ್ತಾರೆ. ಆ ಮದ್ದಿನ ಹಿಂದೆ ಇದ್ದವರು ಡಾ. ಯಲ್ಲಾಪ್ರಗಡ ಸುಬ್ಬರಾವ್. ಯಲ್ಲಾಪ್ರಗಡ ಎಂಬುದು ಇಂಟಿಪೇರು.

ಅವರು ಹುಟ್ಟಿದ್ದು 1895ರ ಜನವರಿ 12ರಂದು, ಈಗಿನ ಪಶ್ಚಿಮ ಗೋದಾವರಿ ಜಿಲ್ಲೆಯ ಭೀಮವರಂನಲ್ಲಿ. ಮನೆಯಲ್ಲಿ ಬಡತನ. ಓದಿನಲ್ಲೂ ಮುಂದಿರಲಿಲ್ಲ, ಮೆಟ್ರಿಕ್ ಪಾಸಾಗಿದ್ದು ಮೂರನೇ ಸಲ. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡುತ್ತೇನೆಂದು ಹುಡುಗನಿದ್ದಾಗ ಮನೆ ಬಿಟ್ಟು ಓಡಿದ್ದರಂತೆ, ದಾರಿಯಲ್ಲೇ ಹಿಡಿದು ತಂದರಂತೆ.

ಮುಂದೆ ಮದ್ರಾಸ್ ವೈದ್ಯಕೀಯ ಕಾಲೇಜು ಸೇರಿದರು. ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿಯ ಶಸ್ತ್ರಚಿಕಿತ್ಸಾ ನಿಲುವಂಗಿ ತೊಟ್ಟರು. ಬ್ರಿಟಿಷ್ ಪ್ರಾಧ್ಯಾಪಕರಿಗೆ ಅದು ಸರಿಬರಲಿಲ್ಲ. ಎಂ.ಬಿ.ಬಿ.ಎಸ್. ಬದಲು ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪದವಿಯಷ್ಟೇ ಕೈಗೆ ಬಂತು. ಅದೇ ಕಾಲದಲ್ಲಿ ಸ್ಪ್ರೂ ಎಂಬ ಭೇದಿ ರೋಗ ಅವರ ಸಹೋದರರನ್ನು ಒಬ್ಬರ ಹಿಂದೆ ಒಬ್ಬರಂತೆ ಬಲಿ ತೆಗೆದುಕೊಂಡಿತ್ತು. ತಿಂದದ್ದು ಮೈಗೆ ಹತ್ತದೆ, ರಕ್ತ ಬತ್ತಿ, ಮನುಷ್ಯ ಸೊರಗಿ ಸಾಯುವ ರೋಗ ಅದು.

1919ರಲ್ಲಿ ಶೇಷಗಿರಿ ಎಂಬುವರೊಂದಿಗೆ ಮದುವೆಯಾಗಿತ್ತು. ಕೆಲವೇ ವರ್ಷಗಳಲ್ಲಿ ಮಾವನವರ ಹಣದ ನೆರವಿನಿಂದ ಅಮೆರಿಕದ ಬಾಸ್ಟನ್ ನಗರಕ್ಕೆ ಹೋದರು. ವೈದ್ಯರಾಗಿದ್ದರೂ ಅಲ್ಲಿ ಹೊಟ್ಟೆಪಾಡಿಗೆ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಆಳಾಗಿ ದುಡಿದರು. ಹಗಲು ಹಾರ್ವರ್ಡ್‌ನಲ್ಲಿ ಸಂಶೋಧನೆ. ರಕ್ತದಲ್ಲಿನ ರಂಜಕವನ್ನು ಅಳೆಯಲು ಸೈರಸ್ ಫಿಸ್ಕ್ ಜೊತೆ 1925ರಲ್ಲಿ ಪ್ರಕಟಿಸಿದ ವಿಧಾನವನ್ನು ಎರಡು ತಲೆಮಾರಿನ ವೈದ್ಯ ವಿದ್ಯಾರ್ಥಿಗಳು ಕಲಿತಿದ್ದಾರೆ. ಇಷ್ಟಾದರೂ ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಲೆಡರ್ಲೆ ಎಂಬ ಔಷಧ ಕಂಪನಿ ಸೇರಿ ಸಂಶೋಧನೆಯ ಮುಖ್ಯಸ್ಥರಾದರು.

ಅಲ್ಲಿ ಅವರ ತಂಡ ಬೆನ್ನು ಹತ್ತಿದ್ದು ಫೋಲಿಕ್ ಆಮ್ಲ ಎಂಬ ಜೀವಸತ್ವವನ್ನು. ಗರ್ಭಿಣಿಯರಿಗೆ ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಇದೂ ಇರುತ್ತದೆ. 1945ರಲ್ಲಿ ಇದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಸಹೋದರರನ್ನು ಕೊಂದ ಸ್ಪ್ರೂ ರೋಗಕ್ಕೂ ಇದು ಮದ್ದಾಯಿತು, ಆದರೆ ಎರಡು ದಶಕಗಳಿಗೂ ಹೆಚ್ಚು ತಡವಾಗಿ.

ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರ್ ಆದ ಮಕ್ಕಳಿಗೆ ಫೋಲಿಕ್ ಆಮ್ಲದ ಜಾತಿಯ ಪದಾರ್ಥ ಕೊಟ್ಟು ನೋಡಿದರು. ರೋಗ ಇಳಿಯಲಿಲ್ಲ, ಇನ್ನೂ ಜೋರಾಯಿತು. ಹಾಗಾದರೆ ಫೋಲಿಕ್ ಆಮ್ಲವನ್ನು ತಡೆದರೆ? ನೋಡಲು ಫೋಲಿಕ್ ಆಮ್ಲದಂತೆಯೇ ಇದ್ದು ಅದರ ಕೆಲಸ ಕೆಡಿಸುವ ಪದಾರ್ಥಗಳನ್ನು ಸುಬ್ಬರಾವ್ ತಂಡ ತಯಾರಿಸಿತು. ಬೀಗದೊಳಗೆ ಹೊಕ್ಕರೂ ತಿರುಗದೆ ಸಿಕ್ಕಿಕೊಳ್ಳುವ ಕೀಲಿಕೈಯಂತೆ ಇವು ಕೆಲಸ ಮಾಡುತ್ತವೆ. ಬೇಗ ಬೇಗ ಬೆಳೆಯುವ ಕ್ಯಾನ್ಸರ್ ಕಣಗಳು ಸಾಯುತ್ತವೆ. ಅದರಲ್ಲಿ ಅಮಿನಾಪ್ಟೆರಿನ್ ಎಂಬುದನ್ನು ಫಾರ್ಬರ್ 16 ಮಕ್ಕಳಿಗೆ ಕೊಟ್ಟು 1948ರ ಜೂನ್‌ನಲ್ಲಿ ವರದಿ ಪ್ರಕಟಿಸಿದರು. 10 ಮಕ್ಕಳಲ್ಲಿ ರೋಗ ತಗ್ಗಿತ್ತು. ಅದು ಕೆಲವು ತಿಂಗಳ ಮಾತು, ರೋಗ ಮತ್ತೆ ಮರಳಿತು. ಆದರೂ ಅಲ್ಲಿಯವರೆಗೆ ಈ ಮಕ್ಕಳಿಗೆ ಅಷ್ಟೂ ಇರಲಿಲ್ಲ.

ಅಮಿನಾಪ್ಟೆರಿನ್‌ನ ತಮ್ಮನೇ ಮೆಥೊಟ್ರೆಕ್ಸೇಟ್. 1956ರಲ್ಲಿ ಅಮೆರಿಕದ ವೈದ್ಯರಾದ ಮಿನ್ ಚಿಯು ಲಿ ಮತ್ತು ರಾಯ್ ಹರ್ಟ್ಸ್ ಇದರಿಂದಲೇ ಗರ್ಭದ ಮಾಸಿನಿಂದ ಹುಟ್ಟುವ ಒಂದು ಬಗೆಯ ಕ್ಯಾನ್ಸರನ್ನು ಪೂರ್ತಿ ಗುಣಪಡಿಸಿದರು. ಮಕ್ಕಳ ರಕ್ತ ಕ್ಯಾನ್ಸರಿಗೂ ಹಲವು ಮದ್ದುಗಳ ಜೊತೆ ಇದನ್ನು ಕೊಡುತ್ತಾರೆ. ಒಳ್ಳೆಯ ಚಿಕಿತ್ಸೆ ಸಿಗುವ ಕಡೆ ಈಗ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳು ಬದುಕುತ್ತಾರೆ. ಅಂದಹಾಗೆ, ಆನೆಕಾಲು ರೋಗ ತಡೆಯಲು ಸರ್ಕಾರ ಊರೂರಿಗೆ ಹಂಚುವ ಡಿ.ಇ.ಸಿ. ಮಾತ್ರೆಯೂ ಸುಬ್ಬರಾವ್ ತಂಡದ್ದೇ.

ಇದನ್ನೆಲ್ಲ ನೋಡಲು ಅವರಿರಲಿಲ್ಲ. ಫಾರ್ಬರ್ ವರದಿ ಬಂದು ಎರಡು ತಿಂಗಳಿಗೆ, 1948ರ ಆಗಸ್ಟ್ 8ರಂದು, ನಿದ್ದೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 53. ಊರಿಗೆ ಮರಳಿ ಬಂದಿರಲೇ ಇಲ್ಲ. ಹಡಗು ಹತ್ತಿದ ಮೇಲೆ ಹುಟ್ಟಿದ ಮಗ ಎಳೆತನದಲ್ಲೇ ಹೋಗಿದ್ದ, ಅವನ ಮುಖವನ್ನೂ ಅವರು ಕಾಣಲಿಲ್ಲ. ಶೇಷಗಿರಿ ಇಲ್ಲೇ ಕಾದುಕೊಂಡಿದ್ದರು. ಭಾರತದ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರಡಿಸಿದ್ದು 1995ರಲ್ಲಿ, ಅವರು ಹುಟ್ಟಿ ನೂರು ವರ್ಷವಾದಾಗ.