ಡುಕ್ಸ್ ಅರಮನೆಯ ಮುದುಕ

ಬೊಹೀಮಿಯಾ ಸೀಮೆಯ ಡುಕ್ಸ್ ಎಂಬ ಪುಟ್ಟ ಊರಿನ ಅರಮನೆಯಲ್ಲಿ, ಹದಿನೆಂಟನೆಯ ಶತಮಾನವು ಮುಗಿಯುತ್ತಿದ್ದ ಕಾಲದಲ್ಲಿ, ಒಬ್ಬ ಮುದುಕನಿದ್ದನು. ಅರಮನೆಯ ಪುಸ್ತಕಭಂಡಾರವನ್ನು ನೋಡಿಕೊಳ್ಳುವುದು ಅವನ ಉದ್ಯೋಗ. ಅತಿಥಿಗಳು ನೆರೆದ ದಿನ ಜರಿಯ ಕಸೂತಿಯುಳ್ಳ ರೇಷ್ಮೆಯ ಉಡುಪನ್ನು ತೊಟ್ಟು, ಗರಿಯ ಟೋಪಿಯನ್ನು ಧರಿಸಿ, ತನ್ನ ಯೌವನಕಾಲದ ಪದ್ಧತಿಯಂತೆ ಹೆಜ್ಜೆಯಿಟ್ಟು ಬಾಗಿ ವಂದಿಸಿದರೆ ನೆರೆದವರು ನಗುತ್ತಿದ್ದರು. ಅವನಿಗೆ ಸಿಟ್ಟು ಬರುತ್ತಿತ್ತು. ಸಿಟ್ಟನ್ನು ಕಂಡು ಅವರು ಮತ್ತೂ ನಗುತ್ತಿದ್ದರು. ಕಾಫಿ ಸರಿಯಿಲ್ಲ, ಹಾಲು ಸರಿಯಿಲ್ಲ, ಕೇಳಿದ ಮ್ಯಾಕರೋನಿಯ ತಟ್ಟೆ ಬರಲಿಲ್ಲ ಎಂದು ಅಡುಗೆಯವರೊಡನೆ ಅವನಿಗೆ ನಿತ್ಯ ಕದನ. ಯೂರೋಪಿನ ಅರಸರು, ಪಂಡಿತರು, ನಟಿಯರು, ಜೂಜುಗಾರರು ಒಂದು ಕಾಲಕ್ಕೆ ಬಲ್ಲವರಾಗಿದ್ದ ಜಾಕೊಮೊ ಕಾಸನೋವಾ ಎಂಬವನು ಈತನೇ.

ಕೆಲವರ ಹೆಸರು ಅವರ ಬದುಕನ್ನು ನುಂಗಿಬಿಡುತ್ತದೆ. ಕಾಸನೋವಾ ಎಂದರೆ ವಿಟ, ಹೆಣ್ಣುಗಳ ಮನವನ್ನು ಕದಿಯುವವ ಎಂಬುದಿಷ್ಟೇ ಇಂದು ಲೋಕಕ್ಕೆ ಗೊತ್ತು. ಆದರೆ ಈ ಬದುಕನ್ನು ಮೊದಲಿನಿಂದಲ್ಲ, ಕೊನೆಯಿಂದ ನೋಡಬೇಕು. ಇಟಲಿಯ ಚಿತ್ರನಿರ್ದೇಶಕ ಫೆಡೆರಿಕೊ ಫೆಲ್ಲಿನಿಯು ೧೯೭೬ರಲ್ಲಿ ಅವನನ್ನು ಕುರಿತು ಒಂದು ಚಿತ್ರವನ್ನು ತೆಗೆದಾಗ ಅದನ್ನು ತಂದು ನಿಲ್ಲಿಸಿದ್ದು ಡುಕ್ಸಿನ ಈ ಮುದುಕನಲ್ಲಿಯೇ.

ಕಾಸನೋವಾ ೧೭೨೫ನೆಯ ಇಸವಿ ಏಪ್ರಿಲ್ ೨ರಂದು ವೆನಿಸ್ ನಗರದಲ್ಲಿ ಜನಿಸಿದನು. ತಾಯಿ ಝಾನೆತ್ತಾ ನಟಿ. ತಂದೆ ಗಾಯೆತಾನೊ ಕೂಡ ರಂಗಭೂಮಿಯವನೇ. ತಾಯಿ ನಾಟಕದ ನಿಮಿತ್ತ ದೇಶದಿಂದ ದೇಶಕ್ಕೆ ಹೋಗುತ್ತಿದ್ದಳು. ಮಗು ಅಜ್ಜಿಯ ಮಡಿಲಲ್ಲಿ ಬೆಳೆಯಿತು. ಪದೇ ಪದೇ ಮೂಗಿನಿಂದ ನೆತ್ತರು ಸುರಿಯುತ್ತಿದ್ದ, ಮಂಕಾಗಿ ಕುಳಿತಿರುತ್ತಿದ್ದ ಆ ಹುಡುಗ ಬದುಕುವವನಲ್ಲವೆಂದು ತಿಳಿದ ಹೆತ್ತವರು ಅವನನ್ನು ಮಾತನಾಡಿಸುತ್ತಲೇ ಇರಲಿಲ್ಲ. ಅಜ್ಜಿಯೊಬ್ಬಳೇ ಅವನನ್ನು ದೋಣಿಯಲ್ಲಿ ಮುರಾನೊ ದ್ವೀಪದ ಮಾಟಗಾತಿಯ ಬಳಿಗೆ ಒಯ್ದಳು. ಎಂಟನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡನು; ಒಂಬತ್ತನೆಯ ವಯಸ್ಸಿನಲ್ಲಿ ಹುಡುಗನನ್ನು ಪಾದುವಾ ನಗರದ ಒಂದು ಮನೆಯಲ್ಲಿ ಊಟಕ್ಕೂ ವಸತಿಗೂ ಬಿಟ್ಟು ಬಂದರು. ಅಲ್ಲಿ ಅವನು ಕಂಡದ್ದು ಹಸಿವು ಮತ್ತು ತಿಗಣೆ. ಯಾರ ಕಣ್ಣಿಗೂ ಬೀಳದ ಈ ಮಗುವೇ ಮುಂದೆ ಎಲ್ಲರ ಕಣ್ಣಿಗೂ ಬೀಳಬೇಕೆಂದು ಹಟ ತೊಟ್ಟಿತೇನೋ!

ಅವನು ಪಾದುವಾದಲ್ಲಿ ನ್ಯಾಯಶಾಸ್ತ್ರವನ್ನು ಓದಿದನು, ಪಾದ್ರಿಯ ದೀಕ್ಷೆಯ ಮೊದಲ ಮೆಟ್ಟಿಲುಗಳನ್ನು ಹತ್ತಿ ಇಳಿದನು, ಸೈನಿಕನಾದನು, ಕೊನೆಗೆ ನಾಟಕಶಾಲೆಯಲ್ಲಿ ಪಿಟೀಲು ಬಾರಿಸುವವನಾದನು. ೧೭೪೬ರಲ್ಲಿ, ದೋಣಿಯಲ್ಲಿ ಲಕ್ವ ಹೊಡೆದು ಬಿದ್ದ ಬ್ರಗಾದಿನ್ ಎಂಬ ಶ್ರೀಮಂತನನ್ನು ಉಪಚರಿಸಿ ಉಳಿಸಿದ್ದೇ ನೆವವಾಗಿ, ಆತನು ಇವನನ್ನು ಮಗನಂತೆ ಸಾಕಿದನು. ತನಗೆ ಗುಪ್ತವಿದ್ಯೆ ತಿಳಿದಿದೆಯೆಂದು ಆ ವೃದ್ಧನನ್ನು ನಂಬಿಸಿದ್ದು ಕಾಸನೋವಾನ ಮೊದಲ ದೊಡ್ಡ ವಂಚನೆ.

೧೭೪೯ರಲ್ಲಿ ಆನ್ರಿಯೆತ್ ಎಂಬ ಫ್ರೆಂಚ್ ತರುಣಿಯ ಪರಿಚಯವಾಯಿತು. ಅವಳ ವಿದ್ಯೆ, ವಿನಯ, ವಾದ್ಯಸಂಗೀತದ ನೈಪುಣ್ಯಕ್ಕೆ ಅವನು ನಿಜವಾಗಿ ಸೋತನು. ಕೆಲವು ತಿಂಗಳುಗಳ ಬಳಿಕ ಜಿನೀವಾದ ಛತ್ರವೊಂದರಲ್ಲಿ ಇಬ್ಬರೂ ಅಗಲಿದರು. ಅವಳು ವಜ್ರದುಂಗುರದ ಮೊನೆಯಿಂದ, ತನ್ನನ್ನು ಕೂಡ ಅವನು ಮರೆಯುವನೆಂದು ಕಿಟಕಿಯ ಗಾಜಿನ ಮೇಲೆ ಗೀಚಿ ಹೋಗಿದ್ದಳು. ಇಪ್ಪತ್ತು ವರ್ಷಗಳ ತರುವಾಯ, ೧೭೬೯ರಲ್ಲಿ, ದಕ್ಷಿಣ ಫ್ರಾನ್ಸಿನ ಏಕ್ಸ್ ನಗರದಲ್ಲಿ ಅವನು ಕಾಯಿಲೆ ಬಿದ್ದಾಗ ಅಪರಿಚಿತ ಹೆಂಗಸೊಬ್ಬಳು ಹಗಲಿರುಳು ಶುಶ್ರೂಷೆ ಮಾಡಿದಳು. ಅವಳನ್ನು ಕಳುಹಿಸಿದ್ದವಳು ಆನ್ರಿಯೆತ್ತಳೆಂದು ಆಮೇಲೆ ತಿಳಿಯಿತು. ಅಷ್ಟೇ ಅಲ್ಲ, ಆ ಊರಿನಲ್ಲಿಯೇ ಅವಳು ಅವನೆದುರಿಗೆ ಬಂದಿದ್ದಳು, ಅವನು ಗುರುತು ಹಿಡಿಯಲಿಲ್ಲ. ಇದನ್ನು ಬರೆದಿಟ್ಟವನು ಕಾಸನೋವಾನೇ. ತನ್ನ ಸೋಲುಗಳಲ್ಲೆಲ್ಲ ದೊಡ್ಡದನ್ನು ಅವನು ಮರೆಮಾಚಲಿಲ್ಲ.

ಈ ಎರಡು ಘಟನೆಗಳ ನಡುವೆ ಅವನ ಖ್ಯಾತಿಯ ಕಾಲವಿದೆ. ೧೭೫೫ರ ಜುಲೈ ತಿಂಗಳಲ್ಲಿ ವೆನಿಸ್ಸಿನ ವಿಚಾರಣಾಧಿಕಾರಿಗಳು ಧರ್ಮದ್ರೋಹದ ಆಪಾದನೆಯ ಮೇಲೆ ಅವನನ್ನು ಅರಮನೆಯ ಸೀಸದ ಛಾವಣಿಯಡಿಯ ಸೆರೆಯಲ್ಲಿಟ್ಟರು. ಶಿಕ್ಷೆ ಎಷ್ಟು ವರ್ಷವೆಂದು ತಿಳಿಸಲೂ ಇಲ್ಲ. ಅವನು ಕಬ್ಬಿಣದ ಸಲಾಕೆಯೊಂದನ್ನು ಮಸೆದು ನೆಲವನ್ನು ಕೊರೆದನು. ಕೊರೆತ ಮುಗಿಯುವ ಹೊತ್ತಿಗೆ ಬೇರೆ ಕೋಣೆಗೆ ಬದಲಾಯಿಸಿದರು. ಆಗ ಸಲಾಕೆಯನ್ನು ದೊಡ್ಡ ಬೈಬಲ್ಲಿನ ಬೆನ್ನಿನಲ್ಲಿ ಅಡಗಿಸಿ, ಅದರ ಮೇಲೆ ಬೆಣ್ಣೆ ತುಳುಕುವ ಮ್ಯಾಕರೋನಿಯ ಪಾತ್ರೆಯನ್ನಿಟ್ಟು, ಕಾವಲುಗಾರನ ಕೈಯಿಂದಲೇ ಪಕ್ಕದ ಕೈದಿಗೆ ಸಾಗಿಸಿದನು. ಬೆಣ್ಣೆ ಚೆಲ್ಲಬಾರದೆಂಬ ಎಚ್ಚರದಲ್ಲಿ ಕಾವಲುಗಾರನು ಪುಸ್ತಕವನ್ನು ನೋಡಲಿಲ್ಲ. ೧೭೫೬ರ ಅಕ್ಟೋಬರ್ ೩೧ರ ರಾತ್ರಿ ಇಬ್ಬರೂ ಛಾವಣಿಯನ್ನು ಭೇದಿಸಿ ಪಾರಾದರು. ಮುಪ್ಪಿನಲ್ಲಿ ಜಗಳಕ್ಕೆ ಕಾರಣವಾದ ಮ್ಯಾಕರೋನಿಯೇ ಯೌವನದಲ್ಲಿ ಬಿಡುಗಡೆಯ ಸಾಧನವಾಗಿತ್ತೆಂಬುದು ವಿಧಿಯ ವಿನೋದ.

ಪ್ಯಾರಿಸಿನಲ್ಲಿ ಈ ಪಲಾಯನದ ಕಥೆಯೇ ಅವನಿಗೆ ಬಂಡವಾಳವಾಯಿತು. ೧೭೫೮ರಲ್ಲಿ ಸರಕಾರಿ ಲಾಟರಿಯನ್ನು ಆರಂಭಿಸಿದವರಲ್ಲಿ ಒಬ್ಬನಾಗಿ ಹಣ ಗಳಿಸಿದನು, ಗಳಿಸಿದ್ದನ್ನು ಕಳೆದನು. ಮಾರ್ಕ್ವಿಸ್ ದ್ಯೂರ್ಫೆ ಎಂಬ ವೃದ್ಧೆಗೆ ಪುನರ್ಜನ್ಮದ ಆಸೆ ತೋರಿಸಿ ವರ್ಷಗಟ್ಟಲೆ ಸುಲಿದನು. ವೋಲ್ಟೇರನೊಡನೆ ವಾದಿಸಿದನು, ರಷ್ಯದ ರಾಣಿ ಕ್ಯಾಥರೀನಳನ್ನು ಕಂಡನು, ವಾರ್ಸಾದಲ್ಲಿ ದ್ವಂದ್ವಯುದ್ಧ ಮಾಡಿದನು. ಅವನ ಆತ್ಮಕಥೆಯಲ್ಲಿ ಬರುವ ಪ್ರಣಯಗಳು ನೂರನ್ನು ಮೀರುತ್ತವೆ. ಎಲ್ಲವೂ ಪ್ರಣಯವಲ್ಲ. ಆ ಹೆಣ್ಣುಗಳಲ್ಲಿ ಕೆಲವರು ಇನ್ನೂ ಬಾಲೆಯರು. ಕೆಲವರನ್ನು ಹಣಕ್ಕೆ ಕೊಂಡನು. ಬಲಾತ್ಕಾರವೆನ್ನದೆ ಬೇರೆ ಹೆಸರಿಡಲಾಗದ ಪ್ರಸಂಗಗಳೂ ಅಲ್ಲಿವೆ. ರಸಿಕನೆಂಬ ಮಾತಿನ ಮರೆಯಲ್ಲಿ ಇವನ್ನು ಅಡಗಿಸುವುದು ನ್ಯಾಯವಲ್ಲ.

೧೭೬೩ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ಅವನ ಬಾಳು ತಿರುಗಿತು. ಶಾರ್ಪಿಯೋನ್ ಎಂಬ ತರುಣಿಯು ಅವನ ಹಣವನ್ನು ಪಡೆದಳು, ಅವನಿಗೆ ಒಲಿಯಲಿಲ್ಲ. ಕೋಪದಲ್ಲಿ ಅವಳ ಮೇಲೆ ಕೈಮಾಡಿದನು. ಕೊನೆಗೆ ಥೇಮ್ಸ್ ನದಿಯಲ್ಲಿ ಮುಳುಗಿ ಸಾಯಲು ಜೇಬುಗಳಲ್ಲಿ ಸೀಸದ ಗುಂಡುಗಳನ್ನು ತುಂಬಿಕೊಂಡು ಹೊರಟನು. ದಾರಿಯಲ್ಲಿ ಸಿಕ್ಕಿದ ಗೆಳೆಯನೊಬ್ಬನು ತಡೆಯದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ತನ್ನ ಸಾವು ಅಂದೇ ಆರಂಭವಾಯಿತೆಂದು ಅವನೇ ಭಾವಿಸಿದ್ದನು.

ಅನಂತರದ್ದು ಇಳಿಜಾರು. ೧೭೭೪ರಲ್ಲಿ ವೆನಿಸ್ ಅವನನ್ನು ಕ್ಷಮಿಸಿ ಒಳಗೆ ಬಿಟ್ಟಿತು. ತನ್ನನ್ನು ಸೆರೆಯಲ್ಲಿಟ್ಟಿದ್ದ ಅದೇ ವಿಚಾರಣಾಧಿಕಾರಿಗಳಿಗೆ ಅವನು ಗೂಢಚಾರನಾಗಿ ದುಡಿದನು. ಬಡತನವು ಅಷ್ಟರಮಟ್ಟಿಗೆ ತಲೆ ಬಗ್ಗಿಸಿತ್ತು. ಶ್ರೀಮಂತರನ್ನು ಗೇಲಿಮಾಡುವ ಪುಸ್ತಕವೊಂದನ್ನು ಬರೆದು ೧೭೮೩ರಲ್ಲಿ ಮತ್ತೆ ಊರು ಬಿಟ್ಟನು. ೧೭೮೫ರಲ್ಲಿ ಕೌಂಟ್ ವಾಲ್ಡ್‌ಸ್ಟೈನ್ ವರ್ಷಕ್ಕೆ ೧,೦೦೦ ಫ್ಲೋರಿನ್ ಸಂಬಳದ ಮೇಲೆ ಅವನನ್ನು ಡುಕ್ಸಿಗೆ ಕರೆದುಕೊಂಡನು. ೧೭೮೭ರಲ್ಲಿ ಪ್ರಾಗ್ ನಗರದಲ್ಲಿ ಮೊಜಾರ್ಟನ ‘ಡಾನ್ ಜೊವಾನಿ’ ಮೊದಲ ಬಾರಿಗೆ ಪ್ರದರ್ಶಿತವಾಯಿತು. ವಿಟನೊಬ್ಬನು ನರಕಕ್ಕಿಳಿಯುವ ಆ ಗೀತನಾಟಕದ ಒಂದು ಸನ್ನಿವೇಶಕ್ಕೆ ಕಾಸನೋವಾನು ಬರೆದು ನೋಡಿದ ಪಾಠಾಂತರಗಳು ಅವನ ಕಾಗದಗಳಲ್ಲಿ ದೊರೆತಿವೆ.

ಯಯಾತಿಯ ಕಥೆಯನ್ನು ನಾವೆಲ್ಲ ಬಲ್ಲೆವು. ಮುಪ್ಪು ಬಂದರೂ ಬಯಕೆ ತೀರದ ಆ ದೊರೆಗೆ ಮಗನಾದ ಪುರು ತನ್ನ ಯೌವನವನ್ನು ಕೊಟ್ಟನು. ಡುಕ್ಸಿನ ಮುದುಕನಿಗೆ ಪುರು ಇರಲಿಲ್ಲ, ಲೇಖನಿಯಿತ್ತು. ೧೭೯೦ರ ಸುಮಾರಿನಿಂದ ಅವನು ತನ್ನ ಬಾಳಿನ ಚರಿತ್ರೆಯನ್ನು ಫ್ರೆಂಚ್ ಭಾಷೆಯಲ್ಲಿ ಬರೆಯತೊಡಗಿದನು. ದಿನಕ್ಕೆ ಹದಿಮೂರು ಗಂಟೆ ಬರೆಯುತ್ತಿರುವುದಾಗಿ ಸ್ನೇಹಿತನಿಗೆ ತಿಳಿಸಿದನು. ಸುಮಾರು ೩,೭೦೦ ಪುಟಗಳಷ್ಟು ಬೆಳೆದ ಆ ಕಥೆ ೧೭೭೪ಕ್ಕೆ ನಿಂತುಹೋಗುತ್ತದೆ. ಐವತ್ತರ ಆಚೆಯ ಬದುಕನ್ನು ಅವನು ಬರೆಯಲಿಲ್ಲ. ಹಿಂದಿನದನ್ನೇ ತಿದ್ದಿ ತಿದ್ದಿ ಬರೆದನು.

ಫೆಲ್ಲಿನಿಗೆ ತನ್ನ ಕಥಾನಾಯಕನಲ್ಲಿ ಒಲವಿರಲಿಲ್ಲ, ಅದನ್ನು ಅವನು ಬಚ್ಚಿಡಲೂ ಇಲ್ಲ. ಪಾತ್ರವಹಿಸಿದ ಡೊನಾಲ್ಡ್ ಸದರ್ಲೆಂಡನ ಮುಂದಲೆಯನ್ನು ಬೋಳಿಸಿ, ಕೃತಕ ಮೂಗು ಗದ್ದಗಳನ್ನು ಅಂಟಿಸಿದನು. ಆ ಚಿತ್ರದಲ್ಲಿ ವೆನಿಸ್ಸಿನ ನೀರೂ ನೀರಲ್ಲ, ಸ್ಟುಡಿಯೋದಲ್ಲಿ ಅಲುಗಾಡುವ ಪ್ಲಾಸ್ಟಿಕ್ ಹಾಳೆ. ಪ್ರತಿಯೊಂದು ಸಮಾಗಮಕ್ಕೂ ಯಂತ್ರದ ಹಕ್ಕಿಯೊಂದು ರೆಕ್ಕೆ ಬಡಿಯುತ್ತದೆ. ಅಂದರೆ ಇದು ಪ್ರೇಮವಲ್ಲ, ವ್ಯಾಯಾಮ. ಕೊನೆಗೆ ಡುಕ್ಸಿನ ಮುದುಕನು ಹೆಪ್ಪುಗಟ್ಟಿದ ವೆನಿಸ್ಸನ್ನು ಕನಸಿನಲ್ಲಿ ಕಂಡು, ಮಂಜುಗಡ್ಡೆಯ ಮೇಲೆ ಯಂತ್ರದ ಬೊಂಬೆಯೊಂದರೊಡನೆ ನರ್ತಿಸುತ್ತಾನೆ. ನೀನೋ ರೋಟನ ಸಂಗೀತ ಆ ನೃತ್ಯವನ್ನು ಇನ್ನಷ್ಟು ತಣ್ಣಗೆ ಮಾಡುತ್ತದೆ. ಎಂದೂ ಎದುರಿನವರನ್ನು ನೋಡದವನಿಗೆ ಕೊನೆಯಲ್ಲಿ ಉಳಿಯುವ ಸಂಗಾತಿ, ತನ್ನನ್ನು ನೋಡಲಾರದ ಬೊಂಬೆ ಎಂಬುದು ಫೆಲ್ಲಿನಿಯ ತೀರ್ಪು.

ತೀರ್ಪು ಕಠಿನವಾದರೂ ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಏಕ್ಸ್ ನಗರದಲ್ಲಿ ಆನ್ರಿಯೆತ್ತಳನ್ನು ಗುರುತಿಸದೆ ಹೋದವನು ಬೊಂಬೆಯೊಡನೆ ಕುಣಿಯಲು ತಕ್ಕವನೇ. ಅದನ್ನು ಮುಚ್ಚದೆ ಬರೆದಿಟ್ಟ ಮುದುಕನು ಬೇರೆಯವನು. ಯೌವನದಲ್ಲಿ ನೋಡದೆ ದಾಟಿಹೋದ ಮುಖಗಳನ್ನು ಅವನು ಆ ಚಳಿಯ ಕೋಣೆಯಲ್ಲಿ ಒಂದೊಂದಾಗಿ ನೋಡಿದನು. ಅವನು ಮಾಡಿದ ಅನ್ಯಾಯ ಇದರಿಂದ ತೊಡೆದುಹೋಗುವುದಿಲ್ಲ. ಒಂಟಿತನವು ಅವನಿಗೆ ಕೊಟ್ಟ ಕಣ್ಣು ಇದು, ಬಯಕೆ ಕೊಟ್ಟಿರಲಿಲ್ಲ.

೧೭೯೭ರಲ್ಲಿ ವೆನಿಸ್ ಗಣರಾಜ್ಯವು ನೆಪೋಲಿಯನ್ನನ ಮುಂದೆ ಅಳಿಯಿತು. ಮರುವರ್ಷ ಜೂನ್ ೪ರಂದು ಕಾಸನೋವಾನೂ ತೀರಿಕೊಂಡನು. ಡುಕ್ಸಿನಲ್ಲಿ ಅವನ ಸಮಾಧಿ ಎಲ್ಲಿತ್ತೆಂಬುದು ಇಂದು ಯಾರಿಗೂ ತಿಳಿಯದು. ಹಸ್ತಪ್ರತಿ ಮಾತ್ರ ಕೈಯಿಂದ ಕೈಗೆ ದಾಟಿ, ಎರಡನೆಯ ಮಹಾಯುದ್ಧದ ಬಾಂಬುಗಳಿಂದಲೂ ಉಳಿದು, ೧೯೬೦ರಿಂದ ತನ್ನ ಮೂಲರೂಪದಲ್ಲಿ ಅಚ್ಚಾಗತೊಡಗಿತು. ೨೦೧೦ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯವನ್ನು ಸೇರಿತು. ಬಾಳಿನುದ್ದಕ್ಕೂ ಮನೆಯಿಂದ ಮನೆಗೆ ಅಲೆದು, ಕೊನೆಗೆ ಪರರ ಪುಸ್ತಕಗಳನ್ನು ಕಾಯುತ್ತ ಸತ್ತವನ ಪುಸ್ತಕವನ್ನು ಈಗ ಒಂದು ದೇಶವೇ ಕಾಯುತ್ತಿದೆ.